ಆಚೆ ದಡದ ಕೂಗು

ಈ ಕಥೆಯನ್ನು ಮೊದಲು ಹೇಳಿದವಳು ಮೀನು ಮಾರುವ ಗಣಪಿ. ಹೇಳಿದ್ದು ಎರಡು ಸಾವಿರದ ಇಪ್ಪತ್ತೈದರ ಶಿವರಾತ್ರಿಯ ಹಿಂದಿನ ವಾರ, ಹೊನ್ನಾವರದಿಂದ ಮೇಲೆ ಶರಾವತಿಯ ಬಡಗಣ ದಂಡೆಯ ಕಡವಿನಕೇರಿಯಲ್ಲಿ, ತನ್ನ ಮನೆಯ ಜಗಲಿಯ ಮೇಲೆ, ದೀಪ ಹಚ್ಚುವ ಹೊತ್ತಿಗೆ. ಕೇಳಿದವರು ಕುಮಟೆಯಿಂದ ಭಟ್ಕಳಕ್ಕೆ ಸೈಕಲ್ ಮೇಲೆ ಹೊರಟ ಒಂದು ಗುಂಪು. ಕಾಡುದಾರಿ ತುಳಿದು ದಣಿದು, ಗಂಜಿ ಉಂಡು, ಕಾಲು ಚಾಚಿ ಕೂತಿದ್ದರು. ಅವರಲ್ಲೊಬ್ಬಳು, ಅರ್ಚನಾ ಎಂಬವಳು, "ಗಣಪಕ್ಕಾ, ನಾಳೆ ದೋಣಿಗೆ ಎಷ್ಟು ಹೊತ್ತಿಗೆ ಕೂಗಬೇಕು?" ಎಂದು ಕೇಳಿದಳು.

"ಹ್ಯಾಂಗೆ ಕೂಗೂದು ಅಂತ ದಂಡೆ ಮೇಲಿನ ಬೋರ್ಡು ಹೇಳ್ತದೆ," ಎಂದಳು ಗಣಪಿ. "ಕೂಗಿದ್ರೆ ಎಂತ ಆತದೆ ಅಂತ ನಾ ಹೇಳ್ತೆ. ಕೇಳಿ."

ಆಚೆ ದಡದಲ್ಲಿ ಹೊಳೆ ದಾಟಿಸುವ ತಾರಿ ದೋಣಿ ನಡೆಸುವವಳು ಸುಬ್ಬಿ. ಅವಳ ಅಪ್ಪ ಮಾಬ್ಲ ಸಾಯುವ ಮುಂಚೆ ಬಿದಿರಿನ ಗಳವನ್ನು ಅವಳ ಕೈಗೆ ಕೊಟ್ಟು ಒಂದು ಕಟ್ಟಳೆ ಹೇಳಿದ್ದ. ಎದುರು ದಡದಿಂದ ಕೂಗಿದವರನ್ನು ಅಲ್ಲೇ ಬಿಡಬಾರದು. ಗಳ ಹಿಡಿಯುವ ಇನ್ನೊಂದು ಕೈ ಮನೆಯಲ್ಲಿದ್ದರೆ ಅದಕ್ಕೆ ಕೊಟ್ಟು ಕೂರಬಹುದು. ಇಲ್ಲದಿದ್ದರೆ ಸೂರ್ಯ ಹುಟ್ಟಿ ಮುಳುಗುವ ತನಕ ಒಂದು ಇಡೀ ದಿನ ಎದುರು ದಡದಿಂದ ಕೂಗು ಬಾರದೆ ಇರಬೇಕು. ಅಂಥ ದಿನ ಬಂದರೆ, ಸಂಜೆ ಹೊಳೆಗೆ ಒಂದು ಕಾಯಿ ಬಿಟ್ಟು ಗಳವನ್ನು ಮನೆಯ ಮಾಡಿಗೆ ಕಟ್ಟಬಹುದು. ಹೊಳೆ ನಿನ್ನನ್ನು ಬಿಟ್ಟಿತು ಎಂದು ಅರ್ಥ. ಆದರೆ "ಕೂಗಬೇಡಿ" ಎಂದು ತಾರಿಯವಳು ತನ್ನ ಬಾಯಿಂದ ಯಾರಿಗೂ ಹೇಳಬಾರದು. ಕೂಗು ತಾನಾಗಿ ನಿಲ್ಲಬೇಕು.

ಇದು ಗಳ ಹಿಡಿದವರಿಗೆ ಮಾತ್ರ ಗೊತ್ತಿರುವ ಮಾತು. ಕುಮಟೆಯಲ್ಲಿ ಸೈಕಲ್ ಅಂಗಡಿ ಇಟ್ಟ ಸುಬ್ಬಿಯ ತಮ್ಮ ಉದಯನಿಗೂ ಗೊತ್ತಿರಲಿಲ್ಲ. ಗಣಪಿಗೆ ಗೊತ್ತಾದದ್ದೂ ಆ ವಾರವೇ. ಹೊಳೆಯ ನಡುವೆ ಗಳ ಎತ್ತಲಾರದೆ ಸುಬ್ಬಿ ದೋಣಿಯಲ್ಲಿ ಕೂತುಬಿಟ್ಟಾಗ, ಅವಳ ಬಾಯಿಂದ ಅದು ಜಾರಿ ಬಂದಿತ್ತು.

ಸುಬ್ಬಿಗೆ ಓದುಬರಹವಿಲ್ಲ. ಅವಳು ಹೇಳಿದ ಕಾಗದಗಳನ್ನು ಬರೆದವಳೂ, ತಮ್ಮನಿಂದ ಬಂದವನ್ನು ಓದಿ ಹೇಳಿದವಳೂ ಗಣಪಿಯೇ. ಯಾವ ಮನೆಗೆ ಯಾವ ಮೀನು ಆಗದು ಎಂದು ನೆನಪಿಡುವ ತಲೆಯಲ್ಲಿ ಕಾಗದ ನಿಲ್ಲದೆ ಇರುತ್ತದೆಯೇ? ಅವಳು ಒಂದೊಂದಾಗಿ ಹೇಳುತ್ತ ಹೋದಳು.

*

ಹೊಳನಗದ್ದೆ, ಕುಮಟಾ
೬ ಅಕ್ಟೋಬರ್ ೨೦೨೪

ಸುಬ್ಬಕ್ಕನಿಗೆ ಉದಯನ ನಮಸ್ಕಾರಗಳು.

ಕಾಗದ ಬರೆಯದೆ ಬಹಳ ಕಾಲವಾಯಿತು. ಅಪ್ಪನ ತಿಥಿಗೂ ಈ ಸಲ ಬರಲಾಗಲಿಲ್ಲ. ಅಂಗಡಿ ಬಿಟ್ಟು ಬರುವುದು ಕಷ್ಟ. ಅದು ನೆಪ ಎಂದು ನೀನು ಗಣಪಕ್ಕನ ಕೂಡೆ ಹೇಳುವುದು ನನಗೆ ಇಲ್ಲಿಗೇ ಕೇಳಿಸುತ್ತದೆ.

ನಮ್ಮ ಸುಷ್ಮಾಳ ವಿಷಯ ಹೇಳಬೇಕು. ಕಾಲೇಜಿಗೆ ಹೋಗುವಾಗ ಹೆದ್ದಾರಿಯಲ್ಲಿ ಲಾರಿ ತಾಗಿ ಅವಳು ಬಿದ್ದದ್ದು ನಿನಗೆ ಗೊತ್ತು. ಕಾಲು ಕೂಡಿತು. ಆದರೆ ಹಿಂದಿನಿಂದ ಲಾರಿಯ ಸದ್ದು ಬಂದರೆ ಈಗಲೂ ಸೈಕಲ್ ಇಳಿದು, ಗಟಾರ ದಾಟಿ, ಬೇಲಿಗೆ ಒತ್ತಿ ನಿಲ್ಲುತ್ತಾಳೆ. ಲಾರಿ ಹೋದ ಮೇಲೂ ಬಹಳ ಹೊತ್ತು ಹಾಗೇ ನಿಂತಿರುತ್ತಾಳೆ. ಸೈಕಲ್ ರಿಪೇರಿ ಮಾಡುವವನ ಮಗಳು ಸೈಕಲ್ ಬಿಟ್ಟು ರಿಕ್ಷಾದಲ್ಲಿ ಹೋಗುತ್ತಾಳೆ.

ಅದಕ್ಕೇ ಒಂದು ದಾರಿ ಹುಡುಕಿದೆ ಅಕ್ಕ. ಕುಮಟೆಯಿಂದ ಅಘನಾಶಿನಿಯ ದಂಡೆ ಹಿಡಿದು, ಉಪ್ಪುನೀರು ತಡೆಯುವ ಗಜನಿ ಗದ್ದೆಯ ಕಟ್ಟೆಗಳ ಮೇಲೆ, ಆಮೇಲೆ ಕಾಡಿನ ಗಾಡಿದಾರಿಯಲ್ಲಿ ಘಟ್ಟದ ಬುಡ ಬಳಸಿ, ಶರಾವತಿಗೆ ಇಳಿದು, ಮತ್ತೆ ಕಾಡು ಹೊಕ್ಕು ಭಟ್ಕಳದ ಹೆಬಳೆಯವರೆಗೆ. ಹೆಚ್ಚಿನವು ಹಿಂದೆ ಮೀನಿನವರು ಬುಟ್ಟಿ ಕಟ್ಟಿಕೊಂಡು ತುಳಿಯುತ್ತಿದ್ದ ದಾರಿಗಳೇ. ಎಂಜಿನ್ನಿನ ಸದ್ದೇ ಇಲ್ಲ. ಮಳೆಗಾಲ ಪೂರ್ತಿ ರವಿವಾರ ರವಿವಾರ ಸುತ್ತಿ, ಉಂಬಳ ಕಚ್ಚಿಸಿಕೊಂಡು ಗುರುತು ಮಾಡಿದ್ದೇನೆ. ದೂರದ ಊರುಗಳಿಂದ ಸೈಕಲ್ ಪ್ರವಾಸದವರು ಬರುತ್ತೇವೆ ಎಂದಿದ್ದಾರೆ. ಹತ್ತು ಜನ ತುಳಿದ ದಾರಿಯಾದರೆ ಸುಷ್ಮಾಳೂ ಒಂದು ದಿನ ತುಳಿದಾಳು.

ಒಂದೇ ಗಂಟು, ಶರಾವತಿ. ಮೇಲೆ ಆದ ಹೊಸ ಸೇತುವೆಗೆ ಹೋದರೆ ಅದು ಪೂರಾ ಜಲ್ಲಿ ಲಾರಿಯ ರಸ್ತೆ. ಸೇತುವೆಯಾದ ಮೇಲೂ ನಿನ್ನ ದೋಣಿ ನೀರಿನಲ್ಲಿ ಇದೆಯಾ?

ಇತಿ ನಿನ್ನ ತಮ್ಮ
ಉದಯ

*

ಕಡವಿನಕೇರಿ ಆಚೆ ದಡ
೨೫ ಅಕ್ಟೋಬರ್ ೨೦೨೪

ಉದಯನಿಗೆ ಸುಬ್ಬಿಯ ಆಶೀರ್ವಾದ.

ದೋಣಿ ಇದೆ.

ಸೇತುವೆ ಬೇಸಗೆಯಲ್ಲಿ ಆಯಿತು. ಮೊದಲು ಶಾಲೆಯ ಮಕ್ಕಳು ಬಸ್ಸಿಗೆ ಹೋದರು. ಆಮೇಲೆ ಹಾಲಿನವನು ಹೋದ. ಅನಂತಮೂರ್ತಿ ಮಾಸ್ತರರು ಮಾತ್ರ ಬಸ್ಸಿನಲ್ಲಿ ತಲೆ ತಿರುಗುತ್ತದೆ ಎಂದು ದೋಣಿಗೇ ಬರುತ್ತಿದ್ದರು. ಅವರಿಗೆ ಚೌತಿಯ ನಂತರ ವರ್ಗವಾಯಿತು. ಈಗ ಕೂಗುವವಳು ಗಣಪಿ ಒಬ್ಬಳೇ. ಅವಳೂ ತುಳಸಿ ಮದುವೆ ಕಳೆದ ಮೇಲೆ ಬುಟ್ಟಿ ತೆಗೆದುಕೊಂಡು ಬಸ್ಸಿಗೇ ಹೋಗುತ್ತಾಳಂತೆ. ಹೋಗಲಿ.

ಹಗಲು ಬಹಳ ಸಣ್ಣ ಸದ್ದೂ ಕೇಳುತ್ತದೆ ಈಗ. ಮೀನು ಹಾರಿದ್ದು ಕೂಡ. ಮೊನ್ನೆ ಮಧ್ಯಾಹ್ನ ಮಲಗಿದ್ದೆ. ಮಧ್ಯಾಹ್ನ ಮಲಗಿದ್ದು ಯಾವ ಕಾಲದಲ್ಲಿ ಎಂದು ಯೋಚಿಸಿದೆ, ನೆನಪಾಗಲಿಲ್ಲ.

ಸುಷ್ಮಾ ಬೇಲಿಗೆ ಒತ್ತಿ ನಿಲ್ಲುತ್ತಾಳೆ ಎಂದು ಬರೆದೆಯಲ್ಲ, ಆ ಮಾತನ್ನು ಗಣಪಿಯ ಕೈಲಿ ಎರಡು ಸಲ ಓದಿಸಿದೆ. ನಿನ್ನ ಸೈಕಲ್ಲಿನವರು ಬರುವುದಾದರೆ ಬರಲಿ. ದೋಣಿಯ ತಳಕ್ಕೆ ಗೇರೆಣ್ಣೆ ಹಚ್ಚಬೇಕು. ಹಚ್ಚುತ್ತೇನೆ.

ಹೇಳಿದ್ದು ಸುಬ್ಬಿ
ಬರೆದದ್ದು ಗಣಪಿ

*

ಹೊಳನಗದ್ದೆ
೨೪ ನವೆಂಬರ್ ೨೦೨೪

ಸುಬ್ಬಕ್ಕನಿಗೆ,

ಅಕ್ಕ, ದಾರಿ ಗೆದ್ದಿತು! ಮೊದಲ ಎರಡು ಗುಂಪಿನವರು ಹೆಬಳೆ ಮುಟ್ಟಿ ಫೋನು ಮಾಡಿದರು. ಗಜನಿಯ ಕೊಕ್ಕರೆ, ಕಾಡು, ಗಣಪಕ್ಕನ ಮನೆಯ ಬಂಗಡೆ ಸಾರು ಎಲ್ಲ ಹೊಗಳಿದರು. ಆದರೆ ಎಲ್ಲರೂ ಕೊನೆಗೆ ಹೇಳುವುದು ನಿನ್ನ ದೋಣಿಯ ಮಾತೇ. "ನಿಂತು ಕೂಗಿದರೆ ಮಂಜಿನೊಳಗಿಂದ ದೋಣಿ ಬರುತ್ತದೆ, ಸಾಹೇಬರೇ!" ಎನ್ನುತ್ತಾರೆ. ಶಿಶಿರ ಎಂಬ ಹುಬ್ಬಳ್ಳಿಯವನೊಬ್ಬ ಅದರ ವಿಡಿಯೋ ಹಾಕಿದ್ದಾನೆ. ಅದನ್ನು ನೋಡಿ ಎಷ್ಟು ಜನ ಕೇಳುತ್ತಿದ್ದಾರೆ ಗೊತ್ತಾ? ನನ್ನ ದಾರಿಗೆ ಊರೂರಿನ ಹೆಸರಿಟ್ಟಿದ್ದೆ. ಅವರು ಅದನ್ನೆಲ್ಲ ಬಿಟ್ಟು "ಕೂಗುವ ದಾರಿ" ಎಂದೇ ಕರೆಯುತ್ತಾರೆ.

ಸುಷ್ಮಾಗೂ ವಿಡಿಯೋ ತೋರಿಸಿದೆ. "ಅತ್ತೆ ಎಷ್ಟು ತೆಳ್ಳಗಾಗಿದ್ದಾರೆ" ಎಂದಳು. ಮರುದಿನ ಸೈಕಲ್ಲಿನ ಧೂಳು ಒರೆಸಿದಳು. ತುಳಿಯಲಿಲ್ಲ, ಒರೆಸಿದಳು ಅಷ್ಟೇ. ನನಗೆ ಅಷ್ಟೇ ಸಾಕಾಯಿತು.

ಆ ಗುಂಪಿನ ಕೈಲಿ ನಿನಗೆ ಒಂದು ಫೋನು ಕಳಿಸಿದ್ದೆ. ಎಷ್ಟು ಸಲ ಮಾಡಿದರೂ ಎತ್ತುವುದಿಲ್ಲ. ಯಾಕೆ?

ಇತಿ
ಉದಯ

*

ಕಡವಿನಕೇರಿ ಆಚೆ ದಡ
೧೫ ಡಿಸೆಂಬರ್ ೨೦೨೪

ಉದಯನಿಗೆ,

ಫೋನನ್ನು ಗಣಪಿಯ ಕೈಲಿ ವಾಪಸು ಕಳಿಸಿದ್ದೇನೆ. ಅದೂ ಕೂಗುತ್ತದೆ. ಹೊಳೆಯ ಆಚೆಯಿಂದ ಒಂದು, ಸೊಂಟದಿಂದ ಒಂದು, ಎರಡು ಕೂಗಿಗೆ ಒಬ್ಬಳೇ ಎಲ್ಲಿಗೆಂದು ಹೋಗಲಿ?

ಸೈಕಲ್ಲಿನವರು ಒಳ್ಳೆಯವರು. ಸೈಕಲ್ಲುಗಳು ನನ್ನ ತೋಳಿನಷ್ಟೂ ತೂಕವಿಲ್ಲ. ದೋಣಿಗೆ ಹತ್ತಿಸಿದ ಕೂಡಲೇ ಫೋಟೋ ತೆಗೆಯಲು ಎಲ್ಲರೂ ಒಂದೇ ಮಗ್ಗುಲಿಗೆ ಬರುತ್ತಾರೆ. "ಕೂತ್ಕಳಿ ಮಾರಾಯ್ರೆ, ಹೊಳೆಗೆ ನಿಮ್ಮ ಮೇಲೆ ಆಸೆ ಹುಟ್ಟೂಕೆ ಬೇಡ" ಎನ್ನುತ್ತೇನೆ. ಆಗ ಕೂರುತ್ತಾರೆ.

ಒಂದು ವಿಷಯ ಹೇಳುತ್ತೇನೆ, ನಗಬೇಕು. ಆ ಶಿಶಿರ ಮತ್ತೆ ಬಂದಿದ್ದ. ಕೂಗಿದ. ನಾನು ಅನ್ನಕ್ಕೆ ಕೈ ಹಾಕಿದ್ದೆ. ಕೈ ತೊಳೆದು ಹೊರಟೆ. ಅವತ್ತು ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು, ಸೆಳೆತ ಜಾಸ್ತಿ. ಬಹಳ ಹೊತ್ತು ಹಿಡಿಯಿತು. ಆಚೆ ಮುಟ್ಟಿದಾಗ ಅವನು, "ಅಮ್ಮಾ, ನಾವ್ ದಾಟೂದಿಲ್ರೀ. ಧ್ವನಿ ಹ್ಯಾಂಗ ತಿರುಗಿ ಬರ್ತದ ನೋಡಾಕ ಕೂಗಿದ್ವಿ" ಎಂದ.

"ತಿರುಗಿ ಬಂದದ್ದು ಧ್ವನಿ ಅಲ್ಲಾ ತಮಾ, ನಾನು" ಎಂದೆ.

ಅವರೆಲ್ಲ ನಕ್ಕರು. ನಾನೂ ನಕ್ಕೆ. ಪಾಪ, ಬಿಸ್ಕೀಟು ಕೊಟ್ಟ.

ಅದರ ನಂತರ ಬರೇ ಕೂಗುವವರು ಜಾಸ್ತಿಯಾಗಿದ್ದಾರೆ. ದಾಟುವ ಕೂಗು ಯಾವುದು, ಆಟದ ಕೂಗು ಯಾವುದು ಎಂದು ಇಲ್ಲಿಂದ ತಿಳಿಯುವುದಿಲ್ಲ. ಹೋಗಿಯೇ ನೋಡಬೇಕು.

ಸುಷ್ಮಾ ಒರೆಸಿದ ಸೈಕಲ್ ತುಳಿದಳಾ? ನಾನು ಚೆನ್ನಾಗಿದ್ದೇನೆ. ಈಗ ನನ್ನ ತಲೆಯನ್ನು ಪಕ್ಕದ ಮನೆಯ ಸಣ್ಣಿ ಬಾಚಿ ಕೊಡುತ್ತಾಳೆ. ಚೆನ್ನಾಗಿ ಬಾಚುತ್ತಾಳೆ.

ಹೇಳಿದ್ದು ಸುಬ್ಬಿ
ಬರೆದದ್ದು ಗಣಪಿ

*

ಹೊಳನಗದ್ದೆ
೧೯ ಜನವರಿ ೨೦೨೫

ಸುಬ್ಬಕ್ಕನಿಗೆ,

ಶಿಶಿರನ ಕಥೆ ಓದಿ ಅಂಗಡಿಯಲ್ಲಿ ಕೂತವರೆಲ್ಲ ಬಿದ್ದು ನಕ್ಕರು. ತಲೆ ಬಾಚಲು ಆಳು ಬೇರೆ ಇಟ್ಟುಕೊಂಡೆ ಎಂದರೆ ನೀನೀಗ ಮಹಾರಾಣಿ!

ಆಟಕ್ಕೆ ಕೂಗುವ ತೊಂದರೆಗೆ ಒಂದು ಉಪಾಯ ಮಾಡಿದೆ. ಹೋದ ವಾರ ಬಡಗಣ ದಂಡೆಯಲ್ಲಿ ಬೋರ್ಡು ನೆಟ್ಟು ಬಂದೆ. "ದಾಟುವವರು ಮಾತ್ರ ಇಲ್ಲಿ ನಿಂತು ಗಟ್ಟಿಯಾಗಿ ಕೂಗಿ. ದೋಣಿ ಖಂಡಿತ ಬರುತ್ತದೆ" ಎಂದು ನಾನೇ ಬಣ್ಣದಲ್ಲಿ ಬರೆದದ್ದು. ಈಗ ಯಾರಿಗೂ ಅನುಮಾನ ಉಳಿಯುವುದಿಲ್ಲ.

ಸುಷ್ಮಾ ತುಳಿದಳು ಅಕ್ಕ. ಗಜನಿಯ ಕಟ್ಟೆಯ ಮೇಲೆ, ಕೊನೆಯ ಗಂಟೆಯವರೆಗೆ ಹೋಗಿ ತಿರುಗಿ ಬಂದಳು. ಗಂಟೆ ಎಂದರೆ ಅಲ್ಲಿ ನೀರು ಬಿಡುವ ಹಲಗೆಯ ಬಾಗಿಲು. ಹಿಂದೆ ಏನೂ ಬರುವುದಿಲ್ಲ ಎಂದು ಗೊತ್ತಿದ್ದರೂ ಆಗಾಗ ಹಿಂತಿರುಗಿ ನೋಡುತ್ತಿದ್ದಳು. ನಾನು ದೂರದಲ್ಲಿ, ಅವಳಿಗೆ ಕಾಣದ ಹಾಗೆ ಹಿಂದೆ ಹೋದೆ. ಮನೆಗೆ ಬಂದು ಅನ್ನ ಎರಡನೇ ಸಲ ಹಾಕಿಸಿಕೊಂಡಳು. ನನಗೆ ಸಾಕಾಗಿದೆ ಅಕ್ಕ, ಅಂಗಡಿ, ದಾರಿ, ಗುಂಪು, ಫೋನು. ಆದರೆ ಇದನ್ನು ನೋಡಿದರೆ ಇನ್ನೂ ಸ್ವಲ್ಪ ತುಳಿಯೋಣ ಅನಿಸುತ್ತದೆ.

ಇತಿ
ಉದಯ

*

ಕಡವಿನಕೇರಿ ಆಚೆ ದಡ
೨ ಫೆಬ್ರವರಿ ೨೦೨೫

ಉದಯನಿಗೆ,

ಬೋರ್ಡು ಇಲ್ಲಿಂದಲೂ ಕಾಣುತ್ತದೆ. ಹಳದಿ. ಅದರಲ್ಲಿ ಏನು ಬರೆದಿದೆ ಎಂದು ಗಣಪಿ ಓದಿ ಹೇಳಿದಳು.

ನೀನು ಅದನ್ನು ನೆಡುವಾಗ ನಾನು ಈಚೆ ದಡದಲ್ಲಿ ಅಕ್ಕಿ ಕೇರುತ್ತಿದ್ದೆ. ಯಾರೋ ಹಾರೆ ಹಾಕುತ್ತಿದ್ದಾರೆ ಎಂದು ನೋಡಿದೆ. ಬೆನ್ನು ಅಪ್ಪನ ಹಾಗೆ ಕಂಡಿತು. ನೀನೇ ಎಂದು ತಿಳಿಯಿತು. ಗಂಜಿಗೆ ಇನ್ನೊಂದು ಮುಷ್ಟಿ ಅಕ್ಕಿ ಹಾಕಿದೆ.

ನೀನು ಕೂಗಲಿಲ್ಲ. ಸೈಕಲ್ ಹತ್ತಿ ಹೋದೆ.

ಕೂಗಿದ್ದರೆ ಬರುತ್ತಿದ್ದೆ. ಕೆಲಸವಿತ್ತೇನೋ.

ಹೇಳಿದ್ದು ಸುಬ್ಬಿ
ಬರೆದದ್ದು ಗಣಪಿ

*

ಹೊಳನಗದ್ದೆ
೧೦ ಫೆಬ್ರವರಿ ೨೦೨೫

ಅಕ್ಕ,

ನಿನ್ನ ಕಾಗದ ಬಂತು. ಅವತ್ತು ಅಂಗಡಿಯಲ್ಲಿ ಜನ ಕಾಯುತ್ತಿದ್ದರು. ಅದಕ್ಕೇ. ಬೇರೆ ಏನು ಬರೆಯಲಿ.

ಶಿವರಾತ್ರಿಯ ಹಿಂದಿನ ವಾರ ನಾನೇ ಒಂದು ಗುಂಪು ಕರೆದುಕೊಂಡು ಬರುತ್ತಿದ್ದೇನೆ. ಗುಂಪಿನಲ್ಲಿ ಸುಷ್ಮಾ ಇದ್ದಾಳೆ. ಕುಮಟೆಯಿಂದ ಹೆಬಳೆಯವರೆಗೆ ಪೂರ್ತಿ ತುಳಿಯುತ್ತೇನೆ ಎಂದು ಅವಳೇ ಹೇಳಿದಳು. ನಾನು ಕೇಳಲೂ ಇಲ್ಲ. ಸಂಜೆಗೆ ಗಣಪಕ್ಕನ ಮನೆ, ಬೆಳಿಗ್ಗೆ ನಿನ್ನ ದೋಣಿ. ಮೊದಲ ಕೂಗು ಅವಳದೇ ಅಂತೆ. "ಅತ್ತೇ" ಎಂದು ಕೂಗುತ್ತೇನೆ, ತಾರಿ ಎಂದಲ್ಲ, ಎನ್ನುತ್ತಾಳೆ. ಮನೆಯಲ್ಲಿ ಈಗಲೇ ಕೂಗಿ ಕೂಗಿ ಬೆಕ್ಕು ಓಡಿಹೋಗಿದೆ.

ಈ ಸಲ ದಾಟಿ ಬರುತ್ತೇನೆ. ಊಟ ಮಾಡಿಯೇ ಹೋಗುತ್ತೇನೆ.

ಇತಿ
ಉದಯ

*

ಕಡವಿನಕೇರಿ ಆಚೆ ದಡ
೧೬ ಫೆಬ್ರವರಿ ೨೦೨೫

ಉದಯನಿಗೆ,

ಬನ್ನಿ.

ಸುಷ್ಮಾ ಕೂಗಿದರೆ ನಾನು ಬಾರದೆ ಇರುತ್ತೇನಾ? ಸ್ವಲ್ಪ ತಡವಾದರೆ ಅವಳು ಗಾಬರಿಯಾಗುವುದು ಬೇಡ ಎಂದು ಹೇಳು. ದೋಣಿ ಬರುತ್ತಿದೆ ಎಂದೇ ತಿಳಿಯಲಿ.

ಹೇಳಿದ್ದು ಸುಬ್ಬಿ
ಬರೆದದ್ದು ಗಣಪಿ

*

ಅಲ್ಲಿಗೆ ಕಾಗದಗಳು ಮುಗಿದವು. ಗುಂಪಿನ ಹಿಂದೆ ಕಂಬಕ್ಕೆ ಒರಗಿ ಕೂತಿದ್ದ ಉದಯ ತನ್ನ ಪಾದವನ್ನೇ ನೋಡುತ್ತಿದ್ದ.

"ತಲೆ ಸಣ್ಣಿ ಬಾಚ್ತಾಳೆ ಅಂತ ನಾ ಬರ್ದೆ," ಎಂದಳು ಗಣಪಿ. "ಎಂತಕ್ಕೆ ಅಂತ ಯಾರಾರೂ ಕೇಳಿದ್ರಾ? ಬಲದ ಕೈ ಕಿವಿಯಿಂದ ಮೇಲೆ ಏರೂದಿಲ್ಲ ಅವ್ಳಿಗೆ. ಆ ಕೈಯಲ್ಲೇ ಗಳ ಎತ್ತೂದು."

"ನನಗೆ ಯಾಕೆ ಹೇಳಲಿಲ್ಲ ನೀನು?" ಎಂದ ಉದಯ.

"ಬರೆಯೂ ಕೈಗೆ ಸೇರ್ಸೂ ಹಕ್ಕಿಲ್ಲ ತಮಾ. ಕಟ್ಟಳೆ ಮಾತು ನಂಗೂ ಮೊನ್ನೆ ತನಕ ಗೊತ್ತಿಲ್ಲ. ಗೊತ್ತಿದ್ರೆ ತುಳಸಿ ಮದುವೆ ದಿನವೇ ಬಸ್ಸು ಹತ್ತಿಬಿಡ್ತಿದ್ದೆ. ನಿಮ್ಮ ಸೈಕಲ್ಲಿನವ್ರಿಗೆ ಊಟ ಹಾಕ್ತಾ, ಅವ್ರ ಕೂಡೆ ನಾನೂ ಒಂದು ಕೂಗು ಹಾಕ್ತಾ ಇದ್ದೆ."

ಸುಷ್ಮಾ ಮೆಲ್ಲಗೆ ಕೇಳಿದಳು. "ಕೂಗಬೇಡಿ ಅಂತ ಹೇಳಬಾರದಲ್ಲ ಗಣಪತ್ತೆ? ಈಗ ನೀನು ಹೇಳಿದ್ಯಲ್ಲ."

"ನಾ ಎಲ್ಲಿ ಹೇಳ್ದೆ? ನಾ ಕಥೆ ಹೇಳ್ದೆ. ಕೂಗೂದು ಬಿಡೂದು ನಿಮ್ಮ ಬಾಯಿ. ಹೇಳಬಾರದ್ದು ತಾರಿಯವಳು. ಮೀನಿನವಳ ಬಾಯಿಗೆ ಯಾವ ಮಾಬ್ಲನೂ ಬೀಗ ಹಾಕ್ಲಿಲ್ಲ. ಆತು, ಮಲ್ಕಳಿ."

ಮರುದಿನ ಬೆಳಿಗ್ಗೆ ಕೇಳಿದವರು ಮಾಡಿದ್ದು ಇಷ್ಟು.

ಸೂರ್ಯ ಹುಟ್ಟುವ ಮೊದಲೇ ಎದ್ದರು. ಅರ್ಚನಾ ತನ್ನ ತಲೆವಸ್ತ್ರವನ್ನು ಹರಿದು ಎಲ್ಲರ ಸೈಕಲ್ ಗಂಟೆಗೂ ಒಂದೊಂದು ಚಿಂದಿ ಸುತ್ತಿದಳು. ದೋಣಿಗೆ ಇಳಿಯುವ ದಾರಿ ಬಿಟ್ಟು, ದಂಡೆಯುದ್ದಕ್ಕೂ ಸೈಕಲ್ ನೂಕುತ್ತ, ಕೆಮ್ಮು ಬಂದರೂ ಮೊಣಕೈಗೆ ಕೆಮ್ಮುತ್ತ, ಸೇತುವೆಯ ರಸ್ತೆಗೆ ಹೊರಟರು. ಗಣಪಿ ಬುಟ್ಟಿ ಹೊತ್ತು ಬಸ್ಸಿಗೆ ನಿಂತಳು.

ರಸ್ತೆಯಲ್ಲಿ ಮುಂದೆ ಹೋದವಳು ಸುಷ್ಮಾ. ದೋಣಿ ಇಲ್ಲದ ಮೇಲೆ ನೀನು ರಿಕ್ಷಾದಲ್ಲಿ ಹೋಗು ಎಂದು ಅಪ್ಪ ಹೇಳಿದ್ದ, ಒಲ್ಲೆ ಎಂದು ತಲೆ ಅಲ್ಲಾಡಿಸಿದ್ದಳು. ಮೊದಲ ಜಲ್ಲಿ ಲಾರಿಯ ಸದ್ದಿಗೆ ಇಳಿದು ಗಟಾರ ದಾಟಿ ಬೇಲಿಗೆ ಒತ್ತಿ ನಿಂತಳು. ಹಿಂದಿನವರೂ ಇಳಿದು ಸುಮ್ಮನೆ ನಿಂತರು. ಎರಡನೆಯದಕ್ಕೂ ಇಳಿದಳು, ಮೂರನೆಯದಕ್ಕೂ ಇಳಿದಳು. ಆಮೇಲೆ ಇಳಿದು ಹತ್ತಿ ಬೇಸರ ಬಂದು, ಹಲ್ಲು ಕಚ್ಚಿ, ಮೈಗೆಲ್ಲ ಕೆಂಪು ಧೂಳು ಮೆತ್ತಿಸಿಕೊಂಡು, ಸೇತುವೆಯ ಕಡೆ ಕಣ್ಣು ನೆಟ್ಟು ತುಳಿಯುತ್ತ ಹೋದಳು.

ಉದಯ ಅವರ ಕೂಡೆ ಹೋಗಲಿಲ್ಲ. ತಾನು ನೆಟ್ಟ ಹಳದಿ ಬೋರ್ಡನ್ನು ಅಲ್ಲಾಡಿಸಿ ಕಿತ್ತು, ಅಕ್ಷರ ಕೆಳಗೆ ಮಾಡಿ ನೆಲಕ್ಕೆ ಹಾಕಿ, ಸೂರ್ಯ ಮುಳುಗುವ ತನಕ ಕಾಯಲೆಂದು ಅದರ ಮೇಲೆ ಕೂತ. ಸೈಕಲ್ಲನ್ನು ದಾರಿಗೆ ಅಡ್ಡ ಮಲಗಿಸಿದ. ಬಿಸಿಲೇರುವ ಹೊತ್ತಿಗೆ ಇಬ್ಬರು ಸೈಕಲ್ಲಿನವರು ವಿಡಿಯೋ ನೋಡಿಕೊಂಡು ಬಂದರು. ಒಬ್ಬ ಆಗಲೇ ಬಾಯಿಗೆ ಕೈ ಮಡಿಚಿ ಹಿಡಿದಿದ್ದ. ಉದಯ ಓಡಿಹೋಗಿ ಅವನ ಬಾಯಿ ಮುಚ್ಚಿದ. ಆಮೇಲೆ ಕೈ ಮುಗಿದ. ಸೇತುವೆಯ ದಾರಿ ತೋರಿಸಿದ. ಅವರು ಅವನ ಮುಖ ನೋಡಿ, ಏನೂ ಕೇಳದೆ ಹೋದರು.

ಆಚೆ ದಡದಲ್ಲಿ ಸುಬ್ಬಿ ಬಂದು ದೋಣಿಯ ಪಕ್ಕ ಕೂತಿದ್ದಳು. ತಮ್ಮ, ಅವನ ಮಗಳು ಬರುತ್ತಾರೆಂದು ತಲೆ ಬಾಚಿಸಿಕೊಂಡು, ಒಗೆದ ಸೀರೆ ಉಟ್ಟಿದ್ದಳು. ಎಡಗೈಯನ್ನು ಹಣೆಗೆ ಅಡ್ಡ ಹಿಡಿದು ಈಚೆ ನೋಡಿದಳು. ಬೋರ್ಡು ಇಲ್ಲದ ಜಾಗದಲ್ಲಿ ಅಪ್ಪನಂಥ ಬೆನ್ನಿನವನೊಬ್ಬ ಹೊಳೆಗೆ ಮುಖ ಮಾಡಿ ಕೂತಿದ್ದ.

ಅಕ್ಕ ಎದ್ದು, ಗಳಕ್ಕೆ ಕೈ ಹಾಕಿ, ಕಾದಳು.

ತಮ್ಮ ಕೂಗಲಿಲ್ಲ.